ಮೊದಲೇ ಕೇಳಬೇಕಿತ್ತು: ಫೋಸೆನ್‌ನ ಗಾಳಿ ವಿದ್ಯುತ್ ಮತ್ತು ಸಾಮಿ ಜನ

2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳು ಒಮ್ಮತದ ತೀರ್ಪು ಕೊಟ್ಟರು. ಫೋಸೆನ್ ಪ್ರದೇಶದ ಎರಡು ಗಾಳಿ ವಿದ್ಯುತ್ ಸ್ಥಾವರಗಳ ಪರವಾನಗಿ ಸಿಂಧುವಲ್ಲ, ಅದು ಸಾಮಿ ಮೂಲನಿವಾಸಿಗಳ ಹಕ್ಕನ್ನು ಮುರಿದಿದೆ ಎಂದರು. ಅಷ್ಟು ಹೊತ್ತಿಗೆ ಅಲ್ಲಿ 151 ಟರ್ಬೈನ್‌ಗಳು ತಿರುಗುತ್ತಿದ್ದವು.

ಈ ಜಗಳ ಹಳೆಯದು. 1970ರ ದಶಕದಲ್ಲಿ ಉತ್ತರದ ಆಲ್ಟಾ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಸರ್ಕಾರ ಹೊರಟಿತು. 1979ರಲ್ಲಿ ಸಾಮಿ ಯುವಜನ ಓಸ್ಲೋದ ಸಂಸತ್ತಿನೆದುರು ಉಪವಾಸ ಕೂತರು. ಅಣೆಕಟ್ಟನ್ನು ಕಟ್ಟಿಯೇಬಿಟ್ಟರು. ಆದರೆ ಆ ಹೋರಾಟದ ಫಲವಾಗಿ 1989ರಲ್ಲಿ ಸಾಮಿ ಸಂಸತ್ತು ಬಂತು. ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆಗೂ ನಾರ್ವೆ ಮತ ಹಾಕಿತು. ಯೋಜನೆ ಶುರುವಾಗುವ ಮೊದಲೇ ಎಲ್ಲ ತಿಳಿಸಿ, ಒತ್ತಡ ಹಾಕದೆ ಒಪ್ಪಿಗೆ ಪಡೆಯಬೇಕು ಅನ್ನುವುದು ಅದರ ಜೀವಾಳ.

ಆದರೂ ಫೋಸೆನ್‌ಗೆ 2013ರಲ್ಲಿ ಪರವಾನಗಿ ಸಿಕ್ಕಿತು. 2018ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಆ ಎರಡು ಸ್ಥಾವರಗಳಲ್ಲಿ ಒಂದಾದ ಸ್ಟೋರ್‌ಹೇಯಾದ ಕೆಲಸ ಸದ್ಯಕ್ಕೆ ನಿಲ್ಲಿಸಿ ಎಂದು ಕೇಳಿತು. ಸರ್ಕಾರ ನಿಲ್ಲಿಸಲಿಲ್ಲ.

ಅಲ್ಲಿ ಕಳೆದುಹೋದದ್ದು ಬರೀ ನೆಲವಲ್ಲ. ಸಾಮಿ ಜನ ಹಿಮಸಾರಂಗ ಸಾಕುತ್ತಾರೆ. ಚಳಿಗಾಲದಲ್ಲಿ ಪ್ರಾಣಿ ಹಿಮ ಕೆದಕಿ ಕೆಳಗಿನ ಕಲ್ಲುಹೂವು ತಿನ್ನಬೇಕು. ಆ ಮೇವು ಕಾಲಿಗೆ ಎಟುಕುವಂತಿದೆಯೇ ಅನ್ನುವುದಕ್ಕೇ ಉತ್ತರ ಸಾಮಿ ಭಾಷೆಯಲ್ಲಿ 'ಗುವೊಹ್ತುನ್' ಎಂಬ ಪದವಿದೆ. ಭೂಮಿ ಬಿಸಿಯಾದಂತೆ ಚಳಿಗಾಲದಲ್ಲೇ ಮಳೆ ಬೀಳುತ್ತದೆ, ಅದು ಹೆಪ್ಪುಗಟ್ಟಿ ಮೇವಿನ ಮೇಲೆ ಗಟ್ಟಿ ಪದರವಾಗುತ್ತದೆ. ಆಗ ಮಂದೆಯನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋಗಬೇಕು. ಅಂದರೆ ಹವಾಮಾನ ಕೆಟ್ಟಷ್ಟೂ ಅವರಿಗೆ ಜಾಗ ಜಾಸ್ತಿ ಬೇಕು. ಹವಾಮಾನ ಉಳಿಸಲು ಬಂದ ಟರ್ಬೈನ್‌ಗಳು ಅದೇ ಜಾಗ ಕಿತ್ತುಕೊಂಡವು. ಇದು ನ್ಯಾಯ ಅಲ್ಲ ಅಲ್ವಾ? ಸಾರಂಗಗಳು ಟರ್ಬೈನ್‌ಗಳ ಹತ್ತಿರ ಸುಳಿಯುವುದಿಲ್ಲ ಎಂದು ಸಾಕುವವರು ಹೇಳುತ್ತಲೇ ಇದ್ದರು. ಬೇಲಿಯೊಳಗಿಟ್ಟು ಮೇವು ಹಾಕಿದರಾಯಿತು ಎಂಬ ವಾದವೂ ಬಂತು. ಅದನ್ನು ನೆಚ್ಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಮೂಲನಿವಾಸಿಗಳ ಪಾರಂಪರಿಕ ತಿಳಿವಳಿಕೆಗೆ ಬೆಲೆ ಕೊಡಬೇಕೆಂದು 2015ರ ಪ್ಯಾರಿಸ್ ಒಪ್ಪಂದವೇ ಹೇಳುತ್ತದೆ. ಆ ಮಾತು ಕಾಗದದಿಂದ ಇಳಿದು ಪರವಾನಗಿ ಕೊಡುವ ಮೇಜಿಗೆ ಬರಬೇಕು.

ತೀರ್ಪು ಬಂದು 500 ದಿನ ಕಳೆದರೂ ಏನೂ ಬದಲಾಗಲಿಲ್ಲ. 2023ರ ಫೆಬ್ರವರಿಯಲ್ಲಿ ಸಾಮಿ ಯುವಜನ ಇಂಧನ ಸಚಿವಾಲಯದೊಳಗೇ ಕೂತರು. ಸರ್ಕಾರ ಕ್ಷಮೆ ಕೇಳಿತು. 2023ರ ಡಿಸೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ಅಲ್ಲಿನ ಎರಡು ಸಾಕಣೆ ಗುಂಪುಗಳ ಜೊತೆ ರಾಜಿಯಾಯಿತು. ಚಳಿಗಾಲಕ್ಕೆ ಬೇರೆ ಮೇವಿನ ನೆಲ ಕೊಡುವುದು ಅದರಲ್ಲಿ ಸೇರಿದೆ. ಟರ್ಬೈನ್‌ಗಳನ್ನು ಕೀಳಲಿಲ್ಲ.