ಚೆಂಡು ಹಾರಿದ ಮೊದಲ ಮೂರು ಸೆಕೆಂಡು

ಬೇಸ್‌ಬಾಲ್‌ನಲ್ಲಿ ಬ್ಯಾಟ್ ಬೀಸುವವನಿಗೂ ಮೈದಾನದ ಹಿಂಭಾಗದ ಮಧ್ಯದಲ್ಲಿ, ಅಂದರೆ ಸೆಂಟರ್ ಫೀಲ್ಡ್‌ನಲ್ಲಿ ಕಾಯುವವನಿಗೂ ನಡುವೆ ಸುಮಾರು 95 ಮೀಟರ್ ದೂರ. ಬ್ಯಾಟಿಗೆ ಚೆಂಡು ತಾಕಿದ್ದು ಕಣ್ಣಿಗೆ ಆಗಲೇ ಕಾಣುತ್ತದೆ. ಅದರ ಸದ್ದು ಕಿವಿಗೆ ಬರುವುದಕ್ಕೆ ಕಾಲು ಸೆಕೆಂಡಿಗಿಂತ ತುಸು ಜಾಸ್ತಿ ಬೇಕು. ಜೋರಾಗಿ ಓಡುತ್ತಿರುವ ಆಟಗಾರ ಅಷ್ಟರಲ್ಲಿ ಎರಡೂವರೆ ಮೀಟರ್ ದಾಟಿರುತ್ತಾನೆ. ಕ್ಯಾಚ್ ತಪ್ಪುವುದಕ್ಕೆ ಒಂದು ಗೇಣು ಸಾಕು, ಅಲ್ವಾ?

ಈ ಕಾಲು ಸೆಕೆಂಡುಗಳ ಲೆಕ್ಕದಲ್ಲಿ ಬದುಕು ಕಟ್ಟಿಕೊಂಡವರು ಸೆಂಟರ್ ಫೀಲ್ಡರ್ ಕೆವಿನ್ ಕೀರ್‌ಮಾಯರ್. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಅವರ ಊರು. 2010ರಲ್ಲಿ ಟ್ಯಾಂಪಾ ಬೇ ರೇಸ್ ತಂಡ ಅವರನ್ನು ಆರಿಸಿಕೊಂಡಿದ್ದು, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನ 31ನೇ ಸುತ್ತಿನಲ್ಲಿ. ಅವರಿಗಿಂತ ಮೊದಲು 940 ಹುಡುಗರ ಹೆಸರು ಕೂಗಿ ಆಗಿತ್ತು. ಬ್ಯಾಟಿಂಗ್ ಸಾಧಾರಣ. 2013ರ ಸೆಪ್ಟೆಂಬರ್ 30ರಂದು ದೊಡ್ಡ ಲೀಗಿನಲ್ಲಿ (ಅಮೆರಿಕದ ಮೇಜರ್ ಲೀಗ್) ಮೊದಲ ಸಲ ಕಣಕ್ಕಿಳಿದಾಗಲೂ ಕೆಲಸ ಒಂದೇ: ಕೊನೆಯ ಇನಿಂಗ್ಸ್‌ನಲ್ಲಿ ಫೀಲ್ಡಿಂಗ್ ಮಾಡುವುದು.

ಹಾರಿದ ಚೆಂಡು ಎಲ್ಲಿ ಬೀಳುತ್ತದೆ ಎಂದು ಫೀಲ್ಡರ್‌ಗೆ ಹೇಗೆ ಗೊತ್ತಾಗುತ್ತದೆ? ಮನಸ್ಸಿನಲ್ಲೇ ಲೆಕ್ಕ ಹಾಕಿ ಆ ಜಾಗಕ್ಕೆ ಓಡುತ್ತಾನೆ ಎಂದು ನಮಗೆ ಅನ್ನಿಸುತ್ತದೆ. ಸೆವಿಲ್ ಚಾಪ್‌ಮನ್ ಎಂಬ ಭೌತವಿಜ್ಞಾನಿ 1968ರಲ್ಲಿ ಬೇರೆಯೇ ದಾರಿ ತೋರಿಸಿದರು. ನಿಮ್ಮ ಮುಂದೆ ಒಂದು ಎತ್ತರದ ಕಿಟಕಿ ಗಾಜು ನಿಂತಿದೆ ಎಂದುಕೊಳ್ಳಿ. ಚೆಂಡು ಕಂಡ ಕಡೆಯೆಲ್ಲ ಗಾಜಿನ ಮೇಲೆ ಬೆರಳಿನಿಂದ ಚುಕ್ಕಿ ಇಡುತ್ತಾ ಹೋಗಿ. ಚುಕ್ಕಿ ಒಂದೇ ವೇಗದಲ್ಲಿ ಮೇಲೇರುತ್ತಿದ್ದರೆ ಚೆಂಡು ನೇರ ನಿಮ್ಮ ಕೈಗೇ ಬರುತ್ತದೆ. ಏರುವ ವೇಗ ಹೆಚ್ಚುತ್ತಾ ಹೋದರೆ ತಲೆ ಮೇಲಿಂದ ಹಾರಿಹೋಗುತ್ತದೆ, ಹಿಂದಕ್ಕೆ ಓಡಬೇಕು. ನಿಧಾನವಾಗುತ್ತಾ ಬಂದರೆ ಮುಂದಕ್ಕೆ ಓಡಬೇಕು. ಗಾಳಿಯ ತಡೆಯಿಂದ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ನಿಜ. ಆದರೆ ಫೀಲ್ಡರ್‌ಗೆ ಬೀಳುವ ಜಾಗ ಮೊದಲೇ ಗೊತ್ತಿರಬೇಕಾಗಿಲ್ಲ. ಚುಕ್ಕಿಯ ವೇಗ ಬದಲಾಗದ ಹಾಗೆ ಓಡುತ್ತಿದ್ದರೆ ಸಾಕು, ತಾನಾಗಿಯೇ ಸರಿಯಾದ ಜಾಗ ಸೇರುತ್ತಾನೆ.

1995ರಲ್ಲಿ ಮ್ಯಾಕ್‌ಬೀತ್, ಶಾಫರ್ ಮತ್ತು ಕೈಸರ್ ಇನ್ನೊಂದು ವಿವರಣೆ ಕೊಟ್ಟರು. ಚೆಂಡಿನ ಜಾಡು ಕಣ್ಣಿಗೆ ನೇರ ಗೆರೆಯಾಗಿಯೇ ಕಾಣುವಂತೆ ಫೀಲ್ಡರ್ ಓಡುತ್ತಾನೆ ಎಂದು. ಎಸೆದ ಫ್ರಿಸ್ಬಿಯ ಹಿಂದೆ ಓಡುವ ನಾಯಿಗಳೂ ಇಂಥದ್ದೇ ಉಪಾಯ ಬಳಸುತ್ತವೆ ಎಂದು ಆಮೇಲೆ ಕಂಡುಬಂತು. ನನಗೆ ಇದು ಬಹಳ ಖುಷಿ ಕೊಟ್ಟ ವಿಷಯ.

ಕಷ್ಟ ಬರುವುದು ಚೆಂಡು ನೇರ ಫೀಲ್ಡರ್ ಕಡೆಗೇ ಬಂದಾಗ. ಆಗ ಮೊದಲ ಕ್ಷಣಗಳಲ್ಲಿ ಕಣ್ಣಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಅಲ್ಲಿ ಕಿವಿ ನೆರವಿಗೆ ಬರುತ್ತದೆ ಎಂದವರು ರಾಬರ್ಟ್ ಅಡೇರ್ ಎಂಬ ಭೌತವಿಜ್ಞಾನಿ. ಸರಿಯಾಗಿ ಕೂತ ಹೊಡೆತ 'ಟಣ್' ಎನ್ನುತ್ತದೆ, ಸರಿ ಕೂರದ್ದು 'ದಪ್' ಎನ್ನುತ್ತದೆ. ಮೊದಲನೆಯದು ಕೇಳಿದರೆ ಹಿಂದಕ್ಕೆ, ಎರಡನೆಯದು ಕೇಳಿದರೆ ಮುಂದಕ್ಕೆ. ಸದ್ದು ತಡವಾಗಿ ಬಂದರೂ ಅದಕ್ಕೆ ಕಿವಿಗೊಡಲೇಬೇಕು.

ಹಿಂದೆಲ್ಲ ಈ ಜಾಣತನವನ್ನು ಅಳೆಯಲು ದಾರಿ ಇರಲಿಲ್ಲ. ತಪ್ಪು ಮಾಡಿದರೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಚೆಂಡಿನ ಹತ್ತಿರವೇ ತಲುಪದವನ ಹೆಸರಿಗೆ ಯಾವ ತಪ್ಪೂ ಬೀಳುತ್ತಿರಲಿಲ್ಲ! 2015ರಲ್ಲಿ ದೊಡ್ಡ ಲೀಗಿನ 30 ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಬಂತು. ಅದರ ರಾಡಾರ್ ಮತ್ತು ಕ್ಯಾಮೆರಾಗಳು ಚೆಂಡಿನ ಜೊತೆ ಆಟಗಾರನ ಒಂದೊಂದು ಹೆಜ್ಜೆಯನ್ನೂ ಹಿಂಬಾಲಿಸಿದವು. 2020ರಿಂದ ಈ ಕೆಲಸಕ್ಕೆ ಹಾಕ್-ಐ ಕ್ಯಾಮೆರಾಗಳಿವೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ತೋರಿಸುವ ಅದೇ ಹಾಕ್-ಐ. ಚೆಂಡು ಹಾರಿದ ಮೊದಲ ಮೂರು ಸೆಕೆಂಡಿನಲ್ಲಿ ಫೀಲ್ಡರ್ ಎಷ್ಟು ಬೇಗ ಹೊರಟ, ಎಷ್ಟು ಬೇಗ ವೇಗ ಹಿಡಿದ, ಎಷ್ಟು ನೇರವಾಗಿ ಓಡಿದ ಎಂಬುದೆಲ್ಲ ಈಗ ಅಂಕಿಯಾಗಿ ಸಿಗುತ್ತದೆ.

ಅದೇ 2015 ಕೀರ್‌ಮಾಯರ್ ಅವರ ವರ್ಷವೂ ಆಯಿತು. ಬಾಲ್ಟಿಮೋರ್‌ನಲ್ಲಿ ಮ್ಯಾನಿ ಮಚಾಡೊ ಹೊಡೆದ, ಗೋಡೆ ದಾಟಿ ಹೋಂ ರನ್ ಆಗಲಿದ್ದ ಚೆಂಡನ್ನು ಗೋಡೆ ಹತ್ತಿ ಕಿತ್ತುಕೊಂಡರು. ಜನ ಇಂದಿಗೂ ನೆನೆಯುವುದು ಅದನ್ನೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 42 ಎಂಬ ಅಂಕಿ. ಅದೇ ಜಾಗದಲ್ಲಿ ಸರಾಸರಿ ಆಟಗಾರನೊಬ್ಬ ನಿಂತಿದ್ದರೆ ಎದುರಾಳಿಗೆ ಸಿಗುತ್ತಿದ್ದ ರನ್‌ಗಳಿಗಿಂತ 42 ರನ್ ಕಡಿಮೆ ಸಿಕ್ಕವು ಎಂದು ಇದರ ಅರ್ಥ. ಈ ಲೆಕ್ಕ ಶುರುವಾದ ಮೇಲೆ ಒಂದು ಋತುವಿನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಉಳಿಸಿರಲಿಲ್ಲ. ಸುಮಾರು 10 ರನ್‌ಗೆ ಒಂದು ಗೆಲುವು ಎಂಬುದು ಬೇಸ್‌ಬಾಲ್‌ನವರ ರೂಢಿಯ ಲೆಕ್ಕ. ಅಂದರೆ ಬರೀ ಓಡಿ, ಹಿಡಿದು, ಎಸೆದು ನಾಲ್ಕು ಪಂದ್ಯ ಗೆಲ್ಲಿಸಿದಂತೆ. ಆ ವರ್ಷ ಅವರಿಗೆ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯ ಜೊತೆ, ಅದಕ್ಕೂ ಮೇಲಿನ ಪ್ಲಾಟಿನಮ್ ಗ್ಲೋವ್ ಕೂಡ ಬಂತು. 2016 ಮತ್ತು 2019ರಲ್ಲಿ ಮತ್ತೆರಡು ಗೋಲ್ಡ್ ಗ್ಲೋವ್.

ಮೈ ದಣಿಯುತ್ತಲೇ ಇತ್ತು. 2017ರಲ್ಲಿ ಸೊಂಟದ ಮೂಳೆ ಬಿರುಕು ಬಿಟ್ಟಿತು. 2022ರಲ್ಲಿ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು. ಮರುವರ್ಷ ಟೊರೊಂಟೊ ಬ್ಲೂ ಜೇಸ್ ಸೇರಿದಾಗ ವಯಸ್ಸು 33ರ ಹತ್ತಿರ. ಅದೇ ವರ್ಷ ನಾಲ್ಕನೇ ಗೋಲ್ಡ್ ಗ್ಲೋವ್ ಬಂತು. 2024ರ ಜುಲೈ ಕೊನೆಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಅವರನ್ನು ಕರೆದುಕೊಂಡಿತು. ಇದೇ ತನ್ನ ಕೊನೆಯ ಋತು ಎಂದು ಅವರು ಆ ವರ್ಷವೇ ಹೇಳಿದ್ದರು. ಆ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್, ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಗೆದ್ದಿತು.