ನೀರಿನಿಂದ ಹೈಡ್ರೋಜನ್: ಬೋರೈಡ್ ಎಂಬ ಕಪ್ಪು ಪುಡಿಯ ಹಿನ್ನೆಲೆ

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಆ ಬಿಸಿಲಿನ ಕರೆಂಟಿನಲ್ಲಿ ನೀರು ಒಡೆದು ಹೈಡ್ರೋಜನ್ ತೆಗೆಯಬೇಕೆಂದರೆ ಮೊದಲು ನೋಡಬೇಕಾದದ್ದು ವೋಲ್ಟೇಜು. ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು, ಆದರೆ ನೀರು ಒಡೆಯುವ ಘಟಕಗಳು 1.8ರಿಂದ 2 ವೋಲ್ಟ್ ತಿನ್ನುತ್ತವೆ. ವೇಗವರ್ಧಕವಾಗಿ ಈ ನಷ್ಟ ತಗ್ಗಿಸುವ ಪ್ಲಾಟಿನಂ ದುಬಾರಿ, ಕ್ಷಾರೀಯ ಘಟಕಗಳಲ್ಲಿ ಬಳಸುವ ನಿಕ್ಕಲ್ ಅಗ್ಗವಾದರೂ ಮಂದ. ಈ ಎರಡರ ನಡುವೆ ನಿಲ್ಲಬಲ್ಲದ್ದು ಲೋಹದ ಬೋರೈಡ್, ಅಂದರೆ ಲೋಹ ಮತ್ತು ಬೋರಾನ್ ಸೇರಿದ ಸಂಯುಕ್ತ.

ಅದು ಈ ಕೆಲಸಕ್ಕೆಂದು ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಷ್ಲೆಸಿಂಗರ್, ಹರ್ಬರ್ಟ್ ಬ್ರೌನ್ ಮತ್ತು ಸಂಗಡಿಗರು ಬೋರಾನ್, ಹೈಡ್ರೋಜನ್ ಇರುವ ಲವಣವಾದ ಸೋಡಿಯಂ ಬೋರೋಹೈಡ್ರೈಡ್‌ ಮತ್ತು ನೀರಿನಿಂದ ಹೈಡ್ರೋಜನ್ ತೆಗೆಯುತ್ತಿದ್ದರು. ಕೋಬಾಲ್ಟ್ ಕ್ಲೋರೈಡ್ ಸ್ವಲ್ಪ ಬಿದ್ದರೂ ಅನಿಲ ಭರ್ರನೆ ಏಳುತ್ತಿತ್ತು. ಆಗ ಮೂಡುವ ಕಪ್ಪು ಪುಡಿಯೇ ಕೋಬಾಲ್ಟ್ ಬೋರೈಡ್. ಕೆಲಸ ಪ್ರಕಟವಾದದ್ದು 1953ರಲ್ಲಿ. ಒಂದು ಗ್ರಾಂ ಬೋರೋಹೈಡ್ರೈಡ್‌ನಿಂದ ಸುಮಾರು 2.4 ಲೀಟರ್ ಹೈಡ್ರೋಜನ್ ಬರುತ್ತದೆ, ಅದರಲ್ಲಿ ಅರ್ಧ ನೀರಿನದೇ. ಆದರೆ ಉಳಿದ ಬೋರೇಟನ್ನು (ಬೋರಾನ್, ಆಮ್ಲಜನಕ ಸೇರಿದ ಲವಣ) ಮತ್ತೆ ಬೋರೋಹೈಡ್ರೈಡ್ ಮಾಡುವ ಖರ್ಚು ಭಾರಿ. 2007ರಲ್ಲಿ ಅಮೆರಿಕದ ಇಂಧನ ಇಲಾಖೆ ವಾಹನಗಳ ಮಟ್ಟಿಗೆ ಈ ದಾರಿ ಬೇಡವೆಂದಿತು. 2012ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನ ವ್ರುಬೆಲ್ ಮತ್ತು ಹು, ಅಂಗಡಿಯಲ್ಲಿ ಸಿಗುವ ಮಾಲಿಬ್ಡಿನಂ ಬೋರೈಡ್ ಪುಡಿ ಆಮ್ಲದಲ್ಲೂ ಕ್ಷಾರದಲ್ಲೂ ಹೈಡ್ರೋಜನ್ ಬಿಡಿಸುವುದನ್ನು ತೋರಿಸಿದ ಮೇಲೆ ಗಮನ ವಿದ್ಯುದ್ವಿಭಜನೆಯತ್ತ, ಅಂದರೆ ಕರೆಂಟಿನಿಂದ ನೀರು ಒಡೆಯುವುದರತ್ತ, ಹೊರಳಿತು.

ನಿಕ್ಕಲ್ ಬೋರೈಡನ್ನು ಕಾಲೇಜಿನ ಲ್ಯಾಬಿನಲ್ಲೂ ಮಾಡಬಹುದು. 2.4 ಗ್ರಾಂ ನಿಕ್ಕಲ್ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಮಂಜುಗಡ್ಡೆಯಲ್ಲಿಟ್ಟು, ನೈಟ್ರೋಜನ್ ಹಾಯಿಸುತ್ತಾ, 1.1 ಗ್ರಾಂ ಬೋರೋಹೈಡ್ರೈಡ್‌ನ ತಣ್ಣನೆಯ ಕ್ಷಾರ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ನೊರೆ ಉಕ್ಕುತ್ತದೆ, ಕಣಗಳೂ ದಪ್ಪವಾಗುತ್ತವೆ. ಹೊರಬರುವುದು ಹೈಡ್ರೋಜನ್, ಆದ್ದರಿಂದ ಅನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬೇಕೇ ಬೇಕು, ಹತ್ತಿರ ಬೆಂಕಿ ಕೂಡದು. ತೊಳೆದ ಪುಡಿಯನ್ನು ನಿರ್ವಾತದಲ್ಲಿ ಒಣಗಿಸಿ. ಒಣಗಿದ ಪುಡಿ ಗಾಳಿಗೆ ತಾನೇ ಹೊತ್ತಿಕೊಳ್ಳಬಹುದು. ಹೊತ್ತದಿದ್ದರೂ ಮೇಲ್ಮೈಯ ಬೋರಾನ್ ಬೋರೇಟಾಗುತ್ತದೆ.

ಈ ಪುಡಿ ಎಷ್ಟು ಚುರುಕೆಂದು ಅಳೆಯುವಾಗಲೂ ಮೋಸ ಹೋಗುವುದು ಸುಲಭ. ಎದುರು ಇಲೆಕ್ಟ್ರೋಡ್ ಪ್ಲಾಟಿನಂ ಆಗಿದ್ದರೆ ಅದು ಸ್ವಲ್ಪ ಸ್ವಲ್ಪ ಕರಗಿ ಬೋರೈಡಿನ ಮೇಲೆ ಕೂರುತ್ತದೆ, ಪ್ಲಾಟಿನಂ ಮಾಡಿದ ಕೆಲಸದ ಶ್ರೇಯ ಬೋರೈಡಿಗೆ ಸಲ್ಲುತ್ತದೆ. ಗ್ರಾಫೈಟ್ ಕಡ್ಡಿಯನ್ನೇ ಬಳಸಿ. ಬೋರ್‌ವೆಲ್‌ನ ಸವಳು ನೀರಂತೂ ಬೇಡ: ಹೈಡ್ರೋಜನ್ ಏಳುವ ಇಲೆಕ್ಟ್ರೋಡಾದ ಕ್ಯಾಥೋಡಿನ ಬಳಿ ಕ್ಷಾರತೆ ಏರಿದಂತೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಳಿ ಪದರವಾಗಿ ಅಂಟಿ ಬೋರೈಡನ್ನು ಮುಚ್ಚಿಬಿಡುತ್ತವೆ. ಅಯಾನು ತೆಗೆದ ನೀರೇ ಬೇಕು. ಕಿಲೋ ಹೈಡ್ರೋಜನ್‌ಗೆ ಕನಿಷ್ಠ 9 ಲೀಟರ್.

ಹೆಚ್ಚಿನ ಪ್ರಬಂಧಗಳು ಹೋಲಿಕೆ ಮಾಡುವುದು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್‌ನಲ್ಲಿ, ಕೋಣೆಯ ಉಷ್ಣತೆಯಲ್ಲಿ. ಕ್ಷಾರೀಯ ಕಾರ್ಖಾನೆಗಳು ಓಡುವುದು 200ರಿಂದ 400ರಲ್ಲಿ, 70-80 ಡಿಗ್ರಿ ಬಿಸಿಯಲ್ಲಿ, ಶೇ 30ರಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ. ನಮ್ಮ ಲ್ಯಾಬುಗಳು ಬೋರೈಡನ್ನು ಪರೀಕ್ಷಿಸಬೇಕಾದದ್ದು ಈ ಸ್ಥಿತಿಯಲ್ಲಿ, ಸಾವಿರಾರು ಗಂಟೆಗಳ ಕಾಲ.