ಮಾವನ ಮೋಟ್ರಿಗೆ ಯಾವ ಮಂತ್ರಿ?

ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಸೋದರಮಾವ ಇದ್ದಾರೆ. ಬೇಸಿಗೆಯಲ್ಲಿ ಹೋದಾಗ ಅವರ ಬೋರಿನ ಮೋಟ್ರು ಸುಟ್ಟು ಕೂತಿತ್ತು. ಎರಡು ವರ್ಷದಲ್ಲಿ ಮೂರನೇ ಸಲ. ಮೇಲೆತ್ತಿದ ಪೈಪುಗಳು ಬದುವಿನ ಮೇಲೆ ಸಾಲಾಗಿ ಬಿದ್ದಿದ್ದವು. ಬಿಚ್ಚಿಟ್ಟ ಮೋಟ್ರಿನ ಒಳಗಿನ ತಂತಿ ಕರ್ರಗಾಗಿತ್ತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಕಬ್ಬು ಬಾಡುತ್ತದೆ ಅನ್ನುವುದು ಅವರ ಚಿಂತೆ.

"ಅಲ್ಲ ಕಣಪ್ಪ, ಇದ್ಕೆಲ್ಲ ದಿಲ್ಲೀಲಿ ಯಾವ ಮಂತ್ರಿ? ನಮ್ಮ ಎಂಪೀನೇ ಮಂತ್ರಿ ಆಗವ್ರಲ್ಲ. ಅವ್ರಿಗೇ ಒಂದು ಅರ್ಜಿ ಬರ್ಕೊಡು" ಅಂದರು.

ಸುಮ್ನೆ ಕೇಳಿದ ಪ್ರಶ್ನೆ. ಉತ್ತರ ಹುಡುಕಲು ಹೋಗಿ ನನಗೇ ತಲೆ ತಿರುಗಿತು.

ಮೊದಲು ಮೋಟ್ರಿನ ವಿಷಯ. ನೀರೆತ್ತುವ ಕೆಲಸ ಇಷ್ಟು ಅಂತ ಇರುತ್ತದೆ, ಅದು ಕಡಿಮೆಯಾಗುವುದಿಲ್ಲ. ಲೈನಿನ ಕೊನೆಯಲ್ಲಿ ವೋಲ್ಟೇಜ್ ಕುಸಿದರೆ ಅದೇ ಕೆಲಸಕ್ಕೆ ಮೋಟ್ರು ಜಾಸ್ತಿ ಕರೆಂಟು ಎಳೆಯುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಕರೆಂಟು ಸುಮಾರು ಶೇಕಡಾ 11 ಏರುತ್ತದೆ. ಆದರೆ ತಂತಿಯ ಬಿಸಿ ಏರುವುದು ಕರೆಂಟಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ. ಅಂದರೆ ಬಿಸಿ ಶೇಕಡಾ 23 ಜಾಸ್ತಿ. ಹೀಗೆ ದಿನಾ ಬೆಂದರೆ ತಂತಿಯ ಮೇಲಿನ ಹೊದಿಕೆ ಎಷ್ಟು ದಿನ ತಡೆದೀತು? ಒಂದೇ ಟೀಸಿಯ (ಟ್ರಾನ್ಸ್‌ಫಾರ್ಮರ್) ಮೇಲೆ ಮಿತಿಗಿಂತ ಜಾಸ್ತಿ ಮೋಟ್ರು ಇದ್ದ ಕಡೆಯೆಲ್ಲ ಇದೇ ಕತೆ.

ಈಗ ಇನ್ನೊಂದು ಲೆಕ್ಕ. ಮಾವನ ಬೋರಿನಲ್ಲಿ ನೀರು ಇರುವುದು ಸುಮಾರು 300 ಅಡಿ ಕೆಳಗೆ. ಅಷ್ಟು ಆಳದಿಂದ 1,000 ಲೀಟರ್ ನೀರು ಮೇಲೆ ತರಲು, ಭೂಮಿಯ ಸೆಳೆತವನ್ನು ಗೆಲ್ಲುವುದಕ್ಕೇ ಕಾಲು ಯೂನಿಟ್ ಬೇಕು. ಅದು ಪುಸ್ತಕದ ಲೆಕ್ಕ. ಹಳೇ ಪಂಪು, ತುಕ್ಕು ಹಿಡಿದ ಪೈಪು, ಮೋಟ್ರಿನ ಬಿಸಿ ಎಲ್ಲ ಸೇರಿದರೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಸೋರಿಹೋಗುವುದು ಹೊಸದೇನಲ್ಲ. ಹಾಗಾಗಿ ಮುಕ್ಕಾಲು ಯೂನಿಟ್ ಅಂತಿಟ್ಟುಕೊಳ್ಳಿ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 700 ಗ್ರಾಂಗಿಂತ ತುಸು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅಲ್ಲಿಗೆ ಮಾವನ 1,000 ಲೀಟರ್ ನೀರಿನ ಜೊತೆ ಅರ್ಧ ಕೆಜಿ ಕಾರ್ಬನ್ ಡೈಆಕ್ಸೈಡ್ ಆಕಾಶಕ್ಕೆ ಹೋಯಿತು. 5 ಎಚ್‌ಪಿ ಮೋಟ್ರು ಏಳು ಗಂಟೆ ಓಡಿದರೆ ದಿನಕ್ಕೆ ಕಡಿಮೆ ಅಂದರೂ 18 ಕೆಜಿ.

ನಮ್ಮ ಮಂಡ್ಯಕ್ಕೆ ಶಿವನಸಮುದ್ರದ ಕರೆಂಟು ಬರಲ್ವಾ, ಅದರಲ್ಲಿ ಹೊಗೆ ಎಲ್ಲಿದೆ ಅಂತ ಕೇಳಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಕೂಡಿಸಿದಾಗ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಸೇರಿತು. ಆಮೇಲೆ ಇಡೀ ದೇಶದ್ದು ಒಂದೇ ಕೊಳದ ನೀರು. ಪಾವಗಡದ ಬಿಸಿಲು, ಛತ್ತೀಸಗಡದ ಕಲ್ಲಿದ್ದಲು ಎಲ್ಲ ಅದಕ್ಕೇ ಬೀಳುತ್ತವೆ. ಇದು ಯಾರ ಕರೆಂಟು ಅಂತ ಮೋಟ್ರಿಗೆ ಗೊತ್ತಾಗುವುದಿಲ್ಲ.

ಈಗ ಮಂತ್ರಿಗಳ ಪಟ್ಟಿಗೆ ಬರೋಣ. ಕರೆಂಟು ವಿದ್ಯುತ್ ಖಾತೆಗೆ ಸೇರಿದ್ದು. ಕಲ್ಲಿದ್ದಲಿಗೆ ಬೇರೆ ಮಂತ್ರಿ. ಬಿಸಿಲು, ಗಾಳಿಯ ಕರೆಂಟಿಗೆ ನವೀಕರಿಸಬಹುದಾದ ಇಂಧನ ಖಾತೆ. ಪೆಟ್ರೋಲು, ಡೀಸೆಲ್ಲಿಗೆ ಇನ್ನೊಬ್ಬರು. ಅಣುಶಕ್ತಿ ಪ್ರಧಾನಿಯ ಬಳಿ. ಹೊಗೆಯಿಂದ ಆಗುವ ಹವಾಮಾನ ಬದಲಾವಣೆ ಪರಿಸರ ಖಾತೆಯದು. 2014ರಲ್ಲಿ ಆ ಖಾತೆಯ ಹೆಸರಿಗೇ 'ಹವಾಮಾನ ಬದಲಾವಣೆ' ಅಂತ ಸೇರಿಸಿದರು. ಜೊತೆಗೆ ಸಂವಿಧಾನದಲ್ಲಿ ವಿದ್ಯುತ್ ಇರುವುದು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿ, ವ್ಯವಸಾಯ ಇರುವುದು ರಾಜ್ಯದ ಪಟ್ಟಿಯಲ್ಲಿ. ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಕೊಡುತ್ತಿರುವುದು ಬೆಂಗಳೂರು, ದಿಲ್ಲಿ ಅಲ್ಲ.

ಮಾವ ಹೇಳಿದ ಎಂಪಿ ಅಂದರೆ 2024ರಲ್ಲಿ ಮಂಡ್ಯದಿಂದ ಗೆದ್ದ ಎಚ್.ಡಿ. ಕುಮಾರಸ್ವಾಮಿ. ಅವರಿಗೆ ಸಿಕ್ಕಿದ್ದು ಬೃಹತ್ ಕೈಗಾರಿಕೆ ಮತ್ತು ಉಕ್ಕು. ಎಲೆಕ್ಟ್ರಿಕ್ ಬಸ್ಸಿಗೆ ದುಡ್ಡು ಕೊಡುವ ಪಿಎಂ ಇ-ಡ್ರೈವ್ ಯೋಜನೆ ಅಲ್ಲಿಂದಲೇ ಬರುತ್ತದೆ. ಅದೂ ಹವಾಮಾನದ ಕೆಲಸವೇ, ಆದರೆ ಬೋರಿನ ಮೋಟ್ರಿಗೆ ಸಂಬಂಧ ಇಲ್ಲ. ಅದೇ ಜೂನ್‌ನಲ್ಲಿ ಧಾರವಾಡದ ಪ್ರಲ್ಹಾದ ಜೋಶಿಯವರಿಗೆ ನವೀಕರಿಸಬಹುದಾದ ಇಂಧನ ಸಿಕ್ಕಿತು. ಅಲ್ಲಿಯ ತನಕ ಅವರು ಕಲ್ಲಿದ್ದಲು ಮಂತ್ರಿ! ಜೊತೆಗೆ ಆಹಾರ ಖಾತೆಯೂ ಅವರದ್ದೇ, ಸಕ್ಕರೆ ಬರುವುದು ಅದರಡಿ. ಮಾವನ ಕಬ್ಬು ಮತ್ತು ಮಾವನ ಬಿಸಿಲು ಹೀಗೆ ಅಕಸ್ಮಾತ್ತಾಗಿ ಒಬ್ಬರ ಕೈಗೆ ಬಂದವು.

ಖಾತೆ ಒಡೆದು ಹಂಚಿದ್ದರ ಪರಿಣಾಮ ಒಂದು ಉದಾಹರಣೆಯಲ್ಲೇ ಕಾಣುತ್ತದೆ. 2024–25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು. ಒಂದು ಖಾತೆ ಸಂಭ್ರಮಿಸಿತು. ಕೆಲವೇ ತಿಂಗಳಲ್ಲಿ, 2025ರಲ್ಲಿ, ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲದ್ದಾಯಿತು. 2030ಕ್ಕೆ ಅಂತ ಜಗತ್ತಿಗೆ ಕೊಟ್ಟ ಮಾತು ಐದು ವರ್ಷ ಮೊದಲೇ ಈಡೇರಿತು. ಇನ್ನೊಂದು ಖಾತೆ ಸಂಭ್ರಮಿಸಿತು. ಎರಡೂ ನಿಜ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೋಲಾರ್ ಫಲಕ ರಾತ್ರಿ ಮಲಗುತ್ತದೆ, ಬಾಯ್ಲರ್ ಮಲಗುವುದಿಲ್ಲ. ಹಾಗಾಗಿ ನಾವು ಬಳಸುವ ಯೂನಿಟ್‌ಗಳಲ್ಲಿ ಸುಮಾರು ಹತ್ತಕ್ಕೆ ಏಳರಷ್ಟು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿವೆ.

ಎಲ್ಲವನ್ನೂ ಒಂದೇ ಮಂತ್ರಿಗೆ ಕೊಟ್ಟರೆ? ಬ್ರಿಟನ್ ಹಾಗೆ ಮಾಡಿ ನೋಡಿದೆ. 2008ರ ಅಕ್ಟೋಬರ್‌ನಲ್ಲಿ ಗಾರ್ಡನ್ ಬ್ರೌನ್ ಸರ್ಕಾರ ಇಂಧನ ಮತ್ತು ಹವಾಮಾನ ಎರಡನ್ನೂ ಸೇರಿಸಿ ಹೊಸ ಖಾತೆ ಮಾಡಿತು. ಮೊದಲ ಮಂತ್ರಿ ಎಡ್ ಮಿಲಿಬ್ಯಾಂಡ್. ಕರೆಂಟು ಪೂರೈಸುವವನೇ ಹೊಗೆಗೂ ಜವಾಬು ಹೇಳಬೇಕು ಅನ್ನುವ ಆಲೋಚನೆ. ಆದರೆ 2016ರಲ್ಲಿ ತೆರೆಸಾ ಮೇ ಪ್ರಧಾನಿಯಾದ ಕೂಡಲೇ ಆ ಖಾತೆಯನ್ನು ಮುಚ್ಚಿ ವ್ಯಾಪಾರ ಖಾತೆಗೆ ಸೇರಿಸಿದರು. 2023ರಲ್ಲಿ ರಿಷಿ ಸುನಕ್ ಮತ್ತೆ ಪ್ರತ್ಯೇಕ ಮಾಡಿದರು, ಹೆಸರು ಮಾತ್ರ ಬೇರೆ. 2024ರಲ್ಲಿ ಸರ್ಕಾರ ಬದಲಾಗಿ ಅದೇ ಮಿಲಿಬ್ಯಾಂಡ್ ಬಂದು ಕೂತರು.

ಕುರ್ಚಿ ಹೀಗೆ ಓಡಾಡುತ್ತಿದ್ದಾಗ ಕಲ್ಲಿದ್ದಲು ಮಾತ್ರ ಸದ್ದಿಲ್ಲದೆ ಇಳಿಯುತ್ತಿತ್ತು. 2012ರಲ್ಲಿ ಬ್ರಿಟನ್ನಿನ ಕರೆಂಟಿನಲ್ಲಿ ಅದರ ಪಾಲು ಶೇಕಡಾ 40ರ ಹತ್ತಿರ ಇತ್ತು. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಸ್ಥಾವರ ರ್‍ಯಾಟ್‌ಕ್ಲಿಫ್ ಬಂದ್ ಆಯಿತು. 1882ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದ ಕಲ್ಲಿದ್ದಲು ವಿದ್ಯುತ್ತಿಗೆ 142 ವರ್ಷಕ್ಕೆ ತೆರೆ ಬಿತ್ತು. ಅದಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಯಾರು ಗೊತ್ತಾ? ಹಣಕಾಸು ಖಾತೆ. 2013ರಿಂದ ಹೊಗೆಯ ಮೇಲೆ ಟನ್ನಿಗಿಷ್ಟು ಅಂತ ತೆರಿಗೆ ಹಾಕಿದರು, ಗ್ಯಾಸಿನ ಮುಂದೆ ಕಲ್ಲಿದ್ದಲು ದುಬಾರಿಯಾಯಿತು. ಸಮುದ್ರದ ಗಾಳಿಯಂತ್ರಗಳೂ ಸೇರಿಕೊಂಡವು.

ಇನ್ನೊಂದು ಉಳಿದದ್ದು 2008ರ ಹವಾಮಾನ ಕಾಯ್ದೆ. ಐದೈದು ವರ್ಷಕ್ಕೆ ಇಡೀ ದೇಶ ಎಷ್ಟು ಹೊಗೆ ಬಿಡಬಹುದು ಅಂತ ಅದರಡಿ ಮೊದಲೇ ನಿಗದಿ ಆಗುತ್ತದೆ. ಒಂದು ಸ್ವತಂತ್ರ ಸಮಿತಿ ಲೆಕ್ಕ ನೋಡಿ ವರದಿ ಕೊಡುತ್ತದೆ, ಸರ್ಕಾರ ಸಂಸತ್ತಿಗೆ ಉತ್ತರ ಹೇಳಬೇಕು. ಖಾತೆ ಇಲ್ಲದ ಏಳು ವರ್ಷಗಳಲ್ಲೂ ಈ ಲೆಕ್ಕದ ಪುಸ್ತಕ ಮುಚ್ಚಲಿಲ್ಲ. ನನ್ನ ಕಣ್ಣಿಗೆ ದೊಡ್ಡದಾಗಿ ಕಂಡಿದ್ದು ಮಂತ್ರಿಯ ಕುರ್ಚಿಗಿಂತ ಈ ಪುಸ್ತಕ. (ಹೊರದೇಶದಿಂದ ತರಿಸುವ ಸಾಮಾನಿನ ಹೊಗೆ ಆ ಪುಸ್ತಕದ ಮಿತಿಯಲ್ಲಿ ಸೇರುವುದಿಲ್ಲ, ಅದು ಬೇರೆ ಜಗಳ.)

ಒಂದೇ ಕೈಯಲ್ಲಿ ಎಲ್ಲವೂ ಇದ್ದ ಕಾಲ ನಮ್ಮಲ್ಲೂ ಇತ್ತು. ದಿವಾನರ ಕಾಲ. ಶೇಷಾದ್ರಿ ಅಯ್ಯರ್ ಶುರು ಮಾಡಿಸಿದ ಶಿವನಸಮುದ್ರದ ಕರೆಂಟು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಗಣಿಗೆ ಕರೆಂಟು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ಇದೂ ಒಂದು ಕಾರಣ. ಮಂಡ್ಯದ ಗದ್ದೆಗೆ ನೀರು, ಕೋಲಾರಕ್ಕೆ ಬೆಳಕು, ಎರಡೂ ಒಂದೇ ಕಡತದಲ್ಲಿ ಇದ್ದವು.

ಈಗಿನ ಕಡತ ನೋಡಿ. ಹೊಗೆ ಬೇಡ ಅಂದರೆ ಸೋಲಾರ್ ಪಂಪು ಇದೆ. 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯಲ್ಲಿ ಅದಕ್ಕೆ ಸಬ್ಸಿಡಿ ಇಟ್ಟರು, ಪಂಪ್‌ಸೆಟ್ಟುಗಳಿಗೆ ಕರೆಂಟು ತರುವ ಲೈನಿಗೇ, ಅಂದರೆ ಫೀಡರಿಗೇ, ಸೋಲಾರ್ ಜೋಡಿಸುವುದಕ್ಕೂ ಅವಕಾಶ ಕೊಟ್ಟರು. ಹಗಲಲ್ಲೇ ಕರೆಂಟು, ರಾತ್ರಿ ಹಾವು ತುಳಿಯುವ ಭಯ ಇಲ್ಲ. ಮಾವನಿಗೆ ಹೇಳಿದೆ. "ಬಿಸಿಲು ಇರೋಗಂಟ ಓಡ್ತದೆ ಅಂತೀಯ. ಕೆಳಗೆ ನೀರಿರೋದು ಬ್ಯಾಡ್ವಾ?" ಅಂದರು. ಅವರ ಮಾತು ಸರಿ. ಬಿಸಿಲಿಗೆ ಬಿಲ್ಲಿಲ್ಲ, ಸಾಕು ಅಂತ ನಿಲ್ಲಿಸುವವರು ಯಾರು? ಅಂತರ್ಜಲಕ್ಕೆ ಜಲಶಕ್ತಿ ಖಾತೆ ಅಂತ ಮತ್ತೊಂದು ಇದೆ. ಹೊಗೆ ಇಳಿಸಿದ ಖಾತೆಗೆ ಶಭಾಷ್ ಸಿಗುತ್ತದೆ, ಬತ್ತಿದ ಬೋರು ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ.

ಅಂದಹಾಗೆ ಲೆಕ್ಕ ಬೇಕು ಅಂದರೆ ಮೀಟರ್ ಬೇಕಲ್ವಾ? ಕರ್ನಾಟಕದ ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲ. ಫೀಡರಿನ ಮೀಟರ್ ನೋಡಿ, ನಷ್ಟ ಕಳೆದು, ಒಟ್ಟಾರೆ ಅಂದಾಜು ಮಾಡುತ್ತಾರೆ. ನಾನು ಮೇಲೆ ಹೇಳಿದ 18 ಕೆಜಿ ಕೂಡ ಅಂದಾಜೇ. ಮಾವನ ಮೋಟ್ರು ನಿಜವಾಗಿ ಎಷ್ಟು ಯೂನಿಟ್ ಕುಡಿಯುತ್ತದೆ ಅಂತ ಎಲ್ಲೂ ಬರೆದಿಲ್ಲ.

ಕೊನೆಗೆ ದಿಲ್ಲಿ ಬಿಟ್ಟು ಊರಿನ ಸೆಕ್ಷನ್ ಆಫೀಸಿಗೇ ಅರ್ಜಿ ಬರೆಯೋಣ, ದೊಡ್ಡ ಟೀಸಿ ಕೇಳೋಣ ಅಂತಾಯಿತು. ಟೀಸಿ ಮೇಲೆ ಎಷ್ಟು ಮೋಟ್ರಿವೆ ಅಂತ ಬರೆಯಬೇಕಿತ್ತು. ಮಾವ ಬೈಕ್ ತೆಗೆದುಕೊಂಡು ಲೈನಿನುದ್ದಕ್ಕೂ ಹೋಗಿ ಎಣಿಸಿ ಬಂದರು. ಪುಸ್ತಕದಲ್ಲಿ ಹನ್ನೊಂದು, ಹೊಲದಲ್ಲಿ ಹದಿನೆಂಟು. "ಅಷ್ಟನ್ನೂ ಬರೀಲಾ ಮಾವ?" ಅಂತ ಕೇಳಿದೆ. ಬೀಡಿ ಹಚ್ಚಿ, ಸ್ವಲ್ಪ ಹೊತ್ತು ಕಬ್ಬಿನ ಕಡೆ ನೋಡಿದರು.

"ತಡಿ ತಡಿ. ಅದ್ರಲ್ಲಿ ನಮ್ಮಣ್ಣಂದೂ ಒಂದದೆ."